ಟಾರ್ಚ್ ಬೆಳಕಿನಲ್ಲಿ ಕಂಡ ದೂಳು: ಮರಗೆಲಸದ ಕೋಣೆಯಲ್ಲಿ ಒಂದು ತಿಂಗಳ ಪೈಪ್ ಕೆಲಸ

ಅವತ್ತು ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ) ಹಲಗೆಯಲ್ಲಿ ಕಪಾಟಿನ ಎಂಟು ಬಾಗಿಲು ಕತ್ತರಿಸಿ ಮುಗಿಸಿದ್ದೆ. ದೂಳು ಹೀರುವ ಯಂತ್ರ, ಅಂದರೆ ಡಸ್ಟ್ ಕಲೆಕ್ಟರ್, ಇಡೀ ಹೊತ್ತು ಓಡುತ್ತಲೇ ಇತ್ತು. ನೆಲದ ಮೇಲೆ ಹೊಟ್ಟು ಹೆಚ್ಚು ಬಿದ್ದಿರಲಿಲ್ಲ. ಚೊಕ್ಕಟವಾಗಿದೆ ಎಂದುಕೊಂಡು ದೀಪ ಆರಿಸಿ ಬಾಗಿಲು ಹಾಕಿದೆ. ಮುಕ್ಕಾಲು ಗಂಟೆ ಬಿಟ್ಟು, ಬೆಂಚಿನ ಮೇಲೆ ಮರೆತಿದ್ದ ಕನ್ನಡಕ ತರಲು ಟಾರ್ಚ್ ಹಿಡಿದು ಹೋದೆ. ಮಾಡಿನ ಸಂದಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ದೂಳಿನ ಕಣಗಳು ಸುಳಿಯುವುದನ್ನು ನೋಡಿರುತ್ತೀರಿ ಅಲ್ವಾ? ಟಾರ್ಚಿನ ಬೆಳಕು ಹಾಗೇ ಕೋಲಾಗಿ ನಿಂತಿತ್ತು. ಕಣಗಳು ಬಿಡಿಬಿಡಿಯಾಗಿ ಕೂಡ ಕಾಣುತ್ತಿರಲಿಲ್ಲ. ಹಾಲು ಬೆರೆಸಿದ ನೀರಿನ ಹಾಗೆ ಇಡೀ ಕೋಲು ಬೆಳ್ಳಗಿತ್ತು.

ಇಷ್ಟು ದಿನ ನನ್ನ ಯಂತ್ರ ಚಕ್ಕೆಯನ್ನು ಮಾತ್ರ ಎತ್ತಿಕೊಳ್ಳುತ್ತಿತ್ತು. ಉಸಿರಿನ ಜೊತೆ ಒಳಗೆ ಹೋಗುವ ದೂಳು ಅಲ್ಲೇ ಉಳಿಯುತ್ತಿತ್ತು.

ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 100 ಮೈಕ್ರಾನಿನ ಪುಡಿ ಎದೆಮಟ್ಟದಿಂದ ನೆಲಕ್ಕೆ ಕೆಲವೇ ಸೆಕೆಂಡಿನಲ್ಲಿ ಬೀಳುತ್ತದೆ. 10 ಮೈಕ್ರಾನಿನದಕ್ಕೆ ಏಳೆಂಟು ನಿಮಿಷ ಬೇಕು. 2 ಮೈಕ್ರಾನಿನದಕ್ಕೆ ಹೆಚ್ಚುಕಮ್ಮಿ ಮೂರು ಗಂಟೆ. ಅದೂ ಗಾಳಿ ಒಂಚೂರೂ ಅಲುಗಾಡದಿದ್ದರೆ. ನಾವು ಓಡಾಡುವ ಕೋಣೆಯಲ್ಲಿ ಅದು ಇಳಿಯುವುದೇ ಇಲ್ಲ ಎನ್ನಬಹುದು. ಶ್ವಾಸಕೋಶದ ತಳದವರೆಗೂ ಹೋಗುವುದು ಈ ಸಣ್ಣದೇ. ಮರದ ದೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಒಳಗಿನ ಕ್ಯಾನ್ಸರಿಗೂ ಈ ದೂಳಿಗೂ ನೇರ ನಂಟಿದೆ. ಇದನ್ನು ನಾನು ಎಂದೋ ಓದಿದ್ದೆ. ಆದರೆ ಓದಿದ್ದಕ್ಕಿಂತ ಆ ಟಾರ್ಚ್ ಬೆಳಕು ಜಾಸ್ತಿ ಹೆದರಿಸಿತು.

ಹಳೆಯ ಜೋಡಣೆ ಹೇಗಿತ್ತು

ಒಂದೂವರೆ ಎಚ್‌ಪಿಯ ಸಾದಾ ಡಸ್ಟ್ ಕಲೆಕ್ಟರ್. ಮೇಲೆ ಬಟ್ಟೆಯ ಚೀಲ, ಕೆಳಗೆ ಪ್ಲಾಸ್ಟಿಕ್ ಚೀಲ. ಯಂತ್ರದ ಬಾಯಿ 6 ಇಂಚಿನದು. ಅದಕ್ಕೆ ಎರಡು 4 ಇಂಚಿನ ಕವಲಿರುವ ಮುಚ್ಚಳ ಬಂದಿತ್ತು. ಒಂದು ಕವಲಿಗೆ ಬಿರಡೆ ಹಾಕಿ, ಇನ್ನೊಂದಕ್ಕೆ 20 ಅಡಿಯ ಸುರುಳಿ ಹೋಸ್ ಸಿಕ್ಕಿಸಿದ್ದೆ. ಟೇಬಲ್ ಸಾ (ಮೇಜಿನ ಗರಗಸ), ಬ್ಯಾಂಡ್ ಸಾ (ಪಟ್ಟಿ ಗರಗಸ), ಪ್ಲೇನರ್ (ಹಲಗೆ ಹೆರೆಯುವ ಯಂತ್ರ) ಮೂರಕ್ಕೂ ಅದೇ ಹೋಸ್. ಕೆಲಸ ಬದಲಾದಾಗ ಕಿತ್ತು ಇನ್ನೊಂದಕ್ಕೆ ಹಾಕುವುದು.

ಮೊದಲು ನನಗೂ ದೊಡ್ಡ ಮೋಟಾರ್ ತರಬೇಕು ಅಂತಲೇ ಅನಿಸಿತು. ತರುವ ಮೊದಲು ಅಳೆದು ನೋಡೋಣ ಎಂದು ಒಂದು ಯು ಕೊಳವೆ ಮಾಡಿಕೊಂಡೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಅದೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೆರಳಿಗಿಂತ ಸಣ್ಣ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಐದಾರು ಅಡಿ ಸಾಕು. ಅದನ್ನು ಪ್ಲೈವುಡ್ ತುಂಡಿನ ಮೇಲೆ ಯು ಆಕಾರದಲ್ಲಿ ಕ್ಲಿಪ್ ಹಾಕಿ ನಿಲ್ಲಿಸಬೇಕು. ಎರಡೂ ಕಾಲು ಒಂದೊಂದು ಅಡಿ ಎತ್ತರ ಇರಲಿ. ನಡುವೆ ಇಂಚುಪಟ್ಟಿ ಅಂಟಿಸಿ. ಶಾಯಿ ಬೆರೆಸಿದ ನೀರನ್ನು ಅರ್ಧದವರೆಗೆ ತುಂಬಿ. ಒಂದು ತುದಿ ಬಯಲಿಗೆ, ಇನ್ನೊಂದು ತುದಿ ಪೈಪಿನ ಗೋಡೆಯ ಸಣ್ಣ ತೂತಿಗೆ. ಕೊಳವೆಯ ತುದಿ ಪೈಪಿನೊಳಗೆ ಚಾಚಿಕೊಂಡಿರಬಾರದು. ತೂತಿನ ಒಳಅಂಚಿನಲ್ಲಿ ಸಿಬಿರು ಇದ್ದರೂ ಅಳತೆ ತಪ್ಪುತ್ತದೆ. ಉಜ್ಜುಕಾಗದ ಸುತ್ತಿದ ಬೆರಳನ್ನು ಒಳಗೆ ಹಾಕಿ ನಾನು ಅದನ್ನು ನಯ ಮಾಡಿದೆ. ಮೋಟಾರ್ ಚಾಲೂ ಮಾಡಿದರೆ ಒಂದು ಕಾಲಿನಲ್ಲಿ ನೀರು ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಎರಡರ ನಡುವಿನ ಅಂತರವೇ ಅಲ್ಲಿನ ಒತ್ತಡ, ನೀರಿನ ಇಂಚಿನಲ್ಲಿ.

ಇಂಥ ಎರಡು ಕೊಳವೆ ಹಾಕಿದೆ. ಒಂದು ಫ್ಯಾನಿನ ಬಾಯಿಯ ಹತ್ತಿರ, ಇನ್ನೊಂದು ಫ್ಯಾನ್ ದಾಟಿ ಚೀಲದ ಕಡೆಗೆ.

ಬಾಯಿಯನ್ನು ಪೂರ್ತಿ ಮುಚ್ಚಿದಾಗ 9.5 ಇಂಚು ಬಂತು. ಈ ಫ್ಯಾನಿನ ಗರಿಷ್ಠ ಶಕ್ತಿ ಅದು. ಹಳೆಯ ಹೋಸ್ ಸಿಕ್ಕಿಸಿ ಟೇಬಲ್ ಸಾಗೆ ಜೋಡಿಸಿದಾಗ ಬಾಯಿಯ ಕಡೆ 6.5, ಚೀಲದ ಕಡೆ 2. ಒಟ್ಟು 8.5. ಅಂಕಿ ದೊಡ್ಡದಿದ್ದರೆ ಸೆಳೆತ ಚೆನ್ನಾಗಿದೆ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ಇರುವುದು ತದ್ವಿರುದ್ಧ. ಫ್ಯಾನ್ ತನ್ನ ಶಕ್ತಿಯನ್ನೆಲ್ಲ ಹೋಸಿನ ಮತ್ತು ಚೀಲದ ಅಡ್ಡಿಯ ಜೊತೆ ಗುದ್ದಾಡಲು ಖರ್ಚು ಮಾಡುತ್ತಿದೆ ಎಂದು ಅದರರ್ಥ. ಒಟ್ಟು ಅಂಕಿ ಎಷ್ಟು ಇಳಿಯುತ್ತದೋ ಗಾಳಿ ಅಷ್ಟು ಜಾಸ್ತಿ ಹರಿಯುತ್ತದೆ. ನನ್ನ ಫ್ಯಾನ್ ಬಾಯಿ ಮುಚ್ಚಿದ ಸ್ಥಿತಿಗೆ ಬರೀ ಒಂದು ಇಂಚು ದೂರದಲ್ಲಿ ಓಡುತ್ತಿತ್ತು. ಹೊಸ ಮೋಟಾರ್ ತಂದಿದ್ದರೂ ಅದೇ ಹೋಸಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಇಲ್ಲೇ ಒಂದು ಮಾತು. ಬಾಯಿ ಮುಚ್ಚಿದರೆ ಮೋಟಾರ್ ಸುಟ್ಟುಹೋಗುತ್ತದೆ ಎಂದು ಹೆದರುವವರಿದ್ದಾರೆ. ಈ ಬಗೆಯ ಫ್ಯಾನಿನಲ್ಲಿ ಗಾಳಿ ಕಮ್ಮಿಯಾದರೆ ಹೊರೆಯೂ ಕಮ್ಮಿ. ಕ್ಲ್ಯಾಂಪ್ ಮೀಟರ್ ಹಾಕಿದರೆ ಕರೆಂಟ್ ಇಳಿಯುವುದು ಕಾಣುತ್ತದೆ. ಪೈಪು, ಚೀಲ ಯಾವುದೂ ಇಲ್ಲದೆ ಬರಿಗೈಯಲ್ಲಿ ಓಡಿಸುವುದೇ ಮೋಟಾರಿಗೆ ಭಾರ. ಹಾಗೆ ಮಾಡಬೇಡಿ.

ಪೈಪ್

4 ಇಂಚಿನ ಕೊಳವೆಗಿಂತ 6 ಇಂಚಿನದರ ಬಾಯಿ ಎರಡೂಕಾಲು ಪಟ್ಟು ದೊಡ್ಡದು. ಸುರುಳಿ ಹೋಸಿನ ಒಳಗಿನ ಏಣುಗಳು ನಯವಾದ ಪೈಪಿಗಿಂತ ಎರಡು ಮೂರು ಪಟ್ಟು ಅಡ್ಡಿ ಮಾಡುತ್ತವೆ. ಈ ಎರಡನ್ನು ನೆಚ್ಚಿಕೊಂಡೇ ಹೊಸ ಜೋಡಣೆ ಹಾಕಿದೆ. ಕವಲು ಮುಚ್ಚಳವನ್ನು ಬಿಚ್ಚಿ ತೆಗೆದೆ. 6 ಇಂಚಿನ ತೆಳುಗೋಡೆಯ ಪಿವಿಸಿ ಪೈಪನ್ನು ನೇರವಾಗಿ ಫ್ಯಾನಿನ ಬಾಯಿಯಿಂದಲೇ ಗೋಡೆಗುಂಟ ಎಳೆದೆ. ಕಲೆಕ್ಟರನ್ನು ಮೂಲೆಯಿಂದ ಎಬ್ಬಿಸಿ ಟೇಬಲ್ ಸಾ ಪಕ್ಕಕ್ಕೆ ತಂದಿದ್ದರಿಂದ ಮುಖ್ಯ ಪೈಪು ಹನ್ನೊಂದೇ ಅಡಿಗೆ ಮುಗಿಯಿತು. ಹೋಸ್ ಉಳಿದಿರುವುದು ಯಂತ್ರದ ಹತ್ತಿರ ಕೊನೆಯ ಎರಡು ಅಡಿ ಮಾತ್ರ.

ತಿರುವುಗಳಲ್ಲಿ 90 ಡಿಗ್ರಿಯ ಎಲ್ಬೋ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ಎರಡು 45 ಡಿಗ್ರಿಯವನ್ನು ನಡುವೆ ಗೇಣುದ್ದದ ಪೈಪ್ ಇಟ್ಟು ಸೇರಿಸಿದರೆ ಗಾಳಿ ಸಲೀಸಾಗಿ ತಿರುಗುತ್ತದೆ. ಕವಲುಗಳಿಗೆ ಟಿ ಬದಲು ವೈ. ಕವಲು ಮುಖ್ಯ ಪೈಪಿಗೆ ಪಕ್ಕದಿಂದಲೋ ಮೇಲಿನಿಂದಲೋ ಸೇರಬೇಕು. ಕೆಳಗಿನಿಂದ ಸೇರಿಸಿದರೆ ಓಡುವ ಹೊಟ್ಟೆಲ್ಲ ಸುಮ್ನೆ ನಿಂತ ಕವಲಿನೊಳಗೆ ಬಿದ್ದು ತುಂಬಿಕೊಳ್ಳುತ್ತದೆ. ಕೀಲುಗಳಿಗೆ ಅಂಟು ಹಾಕಲಿಲ್ಲ. ಮೂರು ಗಿಡ್ಡ ಸ್ಕ್ರೂ, ಮೇಲೆ ಫಾಯಿಲ್ ಟೇಪ್. ಯಂತ್ರಗಳ ಜಾಗ ನಾಳೆ ಬದಲಾಗಬಹುದು.

ಒಂದು ವಾರ ಎಲ್ಲ ಚೆನ್ನಾಗಿತ್ತು. ಎಂಟನೇ ದಿನ ಬ್ಯಾಂಡ್ ಸಾ ಮೇಲೆ ದಪ್ಪ ದಿಮ್ಮಿ ಸೀಳುವಾಗ ಸೆಳೆತ ಕುಸಿದಂತೆ ಅನಿಸಿತು. ಪೈಪನ್ನು ಬೆರಳಗೆಣ್ಣಿನಿಂದ ತಟ್ಟುತ್ತಾ ಹೋದೆ. ಟಕ್ ಟಕ್ ಎನ್ನುತ್ತಿದ್ದ ಪೈಪು ನಡುವೆ ಒಂದು ಕಡೆ ದಬ್ ದಬ್ ಎಂದಿತು. ಟೇಪ್ ಕಿತ್ತು ಕೀಲು ಬಿಡಿಸಿದರೆ ಅರ್ಧ ಕೊಳವೆ ಹೊಟ್ಟು. ಮೇಲ್ಭಾಗ ಮಾತ್ರ ಗಾಳಿಗೆ ಸವೆದು, ಹೊಳೆಯ ಮರಳುದಿಣ್ಣೆಯ ಹಾಗೆ ಅಲೆಅಲೆಯಾಗಿ ನಿಂತಿತ್ತು.

ಲೆಕ್ಕ ಹಾಕಿದ ಮೇಲೆ ಕಾರಣ ಗೊತ್ತಾಯಿತು. ಮಲಗಿದ ಪೈಪಿನಲ್ಲಿ ಹೊಟ್ಟು ತೇಲಿಕೊಂಡು ಹೋಗಬೇಕಾದರೆ ಗಾಳಿ ನಿಮಿಷಕ್ಕೆ 3500ರಿಂದ 4000 ಅಡಿ ವೇಗದಲ್ಲಿ ಓಡಬೇಕು. ಬ್ಯಾಂಡ್ ಸಾದ 4 ಇಂಚಿನ ಬಾಯಿಯಿಂದ ನಿಮಿಷಕ್ಕೆ 400 ಘನ ಅಡಿ ಗಾಳಿ ಬಂದರೆ, 4 ಇಂಚಿನ ಕವಲಿನಲ್ಲಿ ವೇಗ ನಾಲ್ಕೂವರೆ ಸಾವಿರ ಅಡಿ. ಅದೇ ಗಾಳಿ 6 ಇಂಚಿನ ಪೈಪಿಗೆ ಬಂದು ಹರಡಿಕೊಂಡರೆ ಎರಡು ಸಾವಿರಕ್ಕೆ ಇಳಿಯುತ್ತದೆ. ಹೊಟ್ಟು ಅಲ್ಲೇ ಕೂರುತ್ತದೆ. ಪೈಪ್ ದೊಡ್ಡದು ಮಾಡಿ ಯಂತ್ರದ ಬಾಯಿಯನ್ನು ಚಿಕ್ಕದಾಗಿಯೇ ಬಿಟ್ಟರೆ ಹೀಗೇ ಆಗುವುದು.

ಪ್ರತಿ ಕವಲಿಗೂ ಗಾಳಿ ಬಿಡಲು, ತಡೆಯಲು ಜಾರುವ ಗೇಟು ಇದೆ. ತಕ್ಷಣಕ್ಕೆ ಇನ್ನೊಂದು ಯಂತ್ರದ ಗೇಟನ್ನೂ ತೆರೆದಿಟ್ಟೆ. ಗಾಳಿ ಹೆಚ್ಚಿತು, ಉಳಿದ ಹೊಟ್ಟು ಗರಗರ ಎಂದು ಹೊರಟುಹೋಯಿತು. ಆಮೇಲೆ ಬ್ಯಾಂಡ್ ಸಾಗೆ ಎರಡನೇ ಬಾಯಿ ಕೊಟ್ಟೆ. ಒಂದು ಕೆಳಚಕ್ರದ ಪೆಟ್ಟಿಗೆಗೆ, ಇನ್ನೊಂದು ಬ್ಲೇಡ್ ಮೇಜಿನ ಕೆಳಗೆ ಇಳಿಯುವ ಜಾಗಕ್ಕೇ. ಎರಡನೆಯದು ಬಂದ ಮೇಲೆ ಮೇಜಿನ ಮೇಲಿನ ದೂಳು ಕೂಡ ಎದ್ದು ಕಾಣುವಷ್ಟು ಕಮ್ಮಿಯಾಯಿತು.

ಗೇಟುಗಳನ್ನು ಪ್ಲೈವುಡ್‌ನಲ್ಲಿ ನಾನೇ ಮಾಡಿದೆ. ಎರಡು ಹಲಗೆಯ ನಡುವೆ ಜಾರುವ ತೆಳು ಹಾರ್ಡ್‌ಬೋರ್ಡ್. ಮೊದಲ ಎರಡು ಗೇಟು ಕೆಲವೇ ದಿನಕ್ಕೆ ಪೂರ್ತಿ ಮುಚ್ಚದಾದವು, ಕೊನೆಯ ಮೂಲೆಯಲ್ಲಿ ದೂಳು ಗಟ್ಟಿಯಾಗಿ ಕೂತಿತ್ತು. ಆ ಕೊನೆಯ ಅಂಚನ್ನೇ ಕತ್ತರಿಸಿ ತೆರೆದುಬಿಟ್ಟೆ. ಈಗ ಹಲಗೆ ಒಳಗೆ ಹೋಗುವಾಗ ದೂಳನ್ನು ತಾನೇ ಹೊರಗೆ ತಳ್ಳುತ್ತದೆ.

ಟೇಬಲ್ ಸಾ

ಒಂದು ಮೇಣದಬತ್ತಿ ಹಚ್ಚಿ, ಮೊಳ ದೂರದಿಂದ ಊದಿ. ಆರುತ್ತದೆ. ಅದೇ ದೂರದಿಂದ ಉಸಿರನ್ನು ಒಳಗೆ ಎಳೆದುಕೊಳ್ಳಿ. ಜ್ವಾಲೆ ಅಲುಗುವುದೂ ಇಲ್ಲ. ಊದಿದ ಗಾಳಿ ಒಂದೇ ದಿಕ್ಕಿಗೆ ಹೋಗುತ್ತದೆ. ಎಳೆದುಕೊಳ್ಳುವ ಗಾಳಿ ಸುತ್ತಲಿನಿಂದಲೂ ಬರುತ್ತದೆ. ಊದುವ ಕೊಳವೆಯ ಗಾಳಿಯ ವೇಗ ಹತ್ತರಲ್ಲಿ ಒಂದು ಪಾಲಿಗೆ ಇಳಿಯಲು ಕೊಳವೆಯ ಅಗಲದ ಮೂವತ್ತು ಪಟ್ಟು ದೂರ ಬೇಕು. ಹೀರುವ ಕೊಳವೆಗೆ ಅದರ ಅಗಲದಷ್ಟೇ ದೂರ ಸಾಕು. ಅಂದರೆ 4 ಇಂಚಿನ ಬಾಯಿಯಿಂದ 4 ಇಂಚು ಆಚೆ ಹೋದರೆ ಸೆಳೆತ ಹತ್ತರಲ್ಲಿ ಒಂದು ಪಾಲು. ದೂಳನ್ನು ದೂರದಿಂದ ಕರೆದು ಹಿಡಿಯಲು ಆಗುವುದಿಲ್ಲ. ಹುಟ್ಟುವ ಜಾಗಕ್ಕೇ ಬಾಯಿ ಹೋಗಬೇಕು.

ಜೊತೆಗೆ ವೇಗ. 10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ತುದಿ ಗಂಟೆಗೆ 190 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಆ ವೇಗದಲ್ಲಿ ಎಸೆದ ದೂಳನ್ನು ಯಾವ ಫ್ಯಾನೂ ತಿರುಗಿಸಿ ಎಳೆಯಲಾರದು. ಮೊದಲು ಅದನ್ನು ಏನಾದರೂ ತಡೆಯಬೇಕು, ತಡೆದ ಜಾಗದಿಂದ ಗಾಳಿ ಎತ್ತಿಕೊಳ್ಳಬೇಕು.

ಕೋಣೆ ಕತ್ತಲು ಮಾಡಿ, ಬದಿಯಿಂದ ಟಾರ್ಚ್ ಬಿಟ್ಟು ಎಲ್ಲೆಲ್ಲಿ ಸೋರುತ್ತದೆ ಎಂದು ನೋಡಿದೆ. ಬ್ಲೇಡ್ ಓಡಿಸಿದ್ದು ದೀಪದ ಬೆಳಕಿನಲ್ಲೇ. ನಿಲ್ಲಿಸಿ, ಬ್ಲೇಡ್ ಪೂರ್ತಿ ನಿಂತ ಮೇಲಷ್ಟೇ ದೀಪ ಆರಿಸಿದ್ದು. ಮೂರು ಕಡೆಯಿಂದ ಬರುತ್ತಿತ್ತು: ಬ್ಲೇಡ್ ಓರೆ ಮಾಡುವ ಹಿಡಿಗಾಗಿ ಮುಂದೆ ಇರುವ ಬಾಗಿದ ಸೀಳು, ಪೆಟ್ಟಿಗೆ ಮತ್ತು ಮೇಜಿನ ನಡುವಿನ ಸಂದು, ಎಲ್ಲಕ್ಕಿಂತ ಹೆಚ್ಚಾಗಿ ಬ್ಲೇಡಿನ ಮೇಲ್ಭಾಗ. ಮೇಲಿನ ದೂಳು ಸೀದಾ ಕೆಲಸ ಮಾಡುವವರ ಮುಖಕ್ಕೇ ಬರುತ್ತದೆ, ಬ್ಲೇಡಿನ ತಲೆ ತಿರುಗುವುದೇ ನಮ್ಮ ಕಡೆಗೆ.

ಸೀಳಿಗೆ ಆಯಸ್ಕಾಂತದ ಹಾಳೆ ಕತ್ತರಿಸಿ ಅಂಟಿಸಿದೆ. ಸಂದಿಗೆ ಫೋಮ್ ತುರುಕಿದೆ. ಪೆಟ್ಟಿಗೆಯ ತಳಕ್ಕೆ ಬಾಯಿಯ ಕಡೆ ಇಳಿಜಾರಾದ ಪ್ಲೈವುಡ್ ಕೂರಿಸಿದೆ. ಎಲ್ಲ ಮುಚ್ಚಿದ್ದೇನೆ ಎಂಬ ಸಮಾಧಾನದಲ್ಲಿ ಚಾಲೂ ಮಾಡಿದರೆ ಯು ಕೊಳವೆಯ ನೀರು ಮತ್ತೆ ಏರಿತು. ಒಳಗೆ ಬರಲು ದಾರಿ ಇಲ್ಲದಿದ್ದರೆ ಹೊರಗೆ ಹೋಗಲು ಗಾಳಿ ಎಲ್ಲಿದೆ? ಬಾಯಿಯ ಎದುರು ಬದಿಯಲ್ಲಿ, ಇಳಿಜಾರಿನ ಮೇಲುತುದಿಗೆ ಸರಿಯಾಗಿ ಒಂದು ಉದ್ದನೆಯ ಸೀಳು ಕೊಯ್ದೆ. ಈಗ ಅಲ್ಲಿಂದ ನುಗ್ಗುವ ಗಾಳಿ ಇಳಿಜಾರನ್ನು ಗುಡಿಸಿಕೊಂಡೇ ಹೋಗುತ್ತದೆ. ಮೊದಲಿದ್ದ ಸಂದುಗಳಲ್ಲೂ ಗಾಳಿ ಒಳಬರುತ್ತಿತ್ತು ನಿಜ, ಆದರೆ ಬೇಕಾದ ಕಡೆಯಿಂದ ಬರುತ್ತಿರಲಿಲ್ಲ.

ಮೇಲಿನದಕ್ಕೆ ಬ್ಲೇಡನ್ನು ಮುಚ್ಚುವ ಕಿರಿದಾದ ಗೂಡು ಮಾಡಿದೆ. ಪಕ್ಕಗಳಿಗೆ ಪಾಲಿಕಾರ್ಬೊನೇಟ್. ಅಕ್ರಿಲಿಕ್ ಬೇಡ, ಮರದ ತುಂಡು ಹಾರಿ ಬಡಿದರೆ ಅದು ಚೂರಾಗುತ್ತದೆ. ಮೊದಲು ಹೀರುವ ಬಾಯಿಯನ್ನು ಗೂಡಿನ ನಟ್ಟನಡುವೆ ಇಟ್ಟಿದ್ದೆ. ದೂಳು ಅದರ ಕೆಳಗೇ ಹಾದು ಮುಂದಿನ ಅಂಚಿನಿಂದ ಹೊರಬರುತ್ತಿತ್ತು. ಬಾಯಿಯನ್ನು ಮುಂದಕ್ಕೆ ತಂದೆ, ಮುಂದಿನ ಅಂಚಿಗೆ ಬ್ರಷ್ ಪಟ್ಟಿ ಕಟ್ಟಿದೆ. ಮರ ಒಳಗೆ ಹೋಗುವಾಗ ಕೂದಲು ಬಾಗುತ್ತದೆ, ದೂಳು ಕೂದಲಿಗೆ ಬಡಿದು ಮೇಲೇಳುತ್ತದೆ. ಗೂಡು ಚಾವಣಿಯಿಂದ ಇಳಿದ ತೋಳಿನ ಮೇಲೆ ನಿಂತಿದೆ. ಬ್ಲೇಡಿನ ಹಿಂದಿನ ರೈವಿಂಗ್ ನೈಫನ್ನು (ಸೀಳಿದ ಮರ ಬ್ಲೇಡನ್ನು ಕಚ್ಚದಂತೆ ತಡೆಯುವ ತಗಡು) ನಾನು ಮುಟ್ಟಲಿಲ್ಲ. ದೂಳಿನ ಸಲುವಾಗಿ ಅದನ್ನು ತೆಗೆಯುವ ಯೋಚನೆ ಯಾರಿಗೂ ಬೇಡ.

ಫಿಲ್ಟರ್

ಸಾದಾ ಬಟ್ಟೆಯ ಚೀಲಗಳು ಹೆಚ್ಚಾಗಿ 30 ಮೈಕ್ರಾನಿನವು. ಸ್ವಿಚ್ ಹಾಕಿ ಚೀಲ ಉಬ್ಬುವ ಕ್ಷಣದಲ್ಲಿ ಅದರ ಮೇಲೆ ಟಾರ್ಚ್ ಬಿಟ್ಟು ನೋಡಿ. ಚೀಲದ ಮೈಯಿಂದಲೇ ತೆಳು ಹೊಗೆಯಂತೆ ದೂಳು ಏಳುತ್ತದೆ. ನೆಲದ ಮೇಲಿದ್ದುದನ್ನು ಜರಡಿ ಹಿಡಿದು, ಅತಿ ಕೆಟ್ಟದ್ದನ್ನಷ್ಟೇ ಆರಿಸಿ ಮೂಗಿನ ಮಟ್ಟಕ್ಕೆ ಎರಚಿದ ಹಾಗೆ. ಅದನ್ನು ತೆಗೆದು 1 ಮೈಕ್ರಾನಿನ ಮಡಿಕೆ ಫಿಲ್ಟರ್ ಹಾಕಿದೆ. ಮಡಿಕೆಗಳಿಂದ ಅದರ ಮೈ ಚೀಲಕ್ಕಿಂತ ಎಷ್ಟೋ ಪಟ್ಟು ವಿಸ್ತಾರ. ಆದ್ದರಿಂದ ಸೂಕ್ಷ್ಮವಾದರೂ ಗಾಳಿಗೆ ಅಡ್ಡಿ ಕಮ್ಮಿ.

ಆ ಮಡಿಕೆಗಳಿಗೆ ಚಕ್ಕೆ ಬಡಿಯದ ಹಾಗೆ ಕಲೆಕ್ಟರಿನ ಉಂಗುರದೊಳಗೆ ಥೀನ್ ಬ್ಯಾಫಲ್ ಕೂರಿಸಿದೆ. ಒಂದು ದುಂಡು ಹಲಗೆ, ಅದರ ಅಂಚಿನಲ್ಲಿ 240 ಡಿಗ್ರಿಯಷ್ಟು ಸುತ್ತಿಗೆ ಒಂದು ಇಂಚಿಗಿಂತ ಚೂರು ಅಗಲದ ಸೀಳು, ಅಷ್ಟೇ. ಸುತ್ತುವ ಗಾಳಿಯಲ್ಲಿ ಚಕ್ಕೆ ಗೋಡೆಗೆ ಅಂಟಿಕೊಂಡು ಓಡಿ ಸೀಳಿನಿಂದ ಕೆಳಗೆ ಬೀಳುತ್ತದೆ. ಬಿದ್ದದ್ದನ್ನು ಮೇಲಿನ ಗಾಳಿ ಮತ್ತೆ ಕೆದಕದಂತೆ ಹಲಗೆ ಕಾಯುತ್ತದೆ. ಬೇರೆ ಡ್ರಮ್ಮಿನಲ್ಲಿ ಬೇರ್ಪಡಿಸುವ ಜೋಡಣೆಯೂ ಒಳ್ಳೆಯದೇ, ಆದರೆ ಅದು ಸೆಳೆತದ ಒಂದು ಪಾಲನ್ನು ತಿನ್ನುತ್ತದೆ. ಒಂದೂವರೆ ಎಚ್‌ಪಿಯಲ್ಲಿ ಅಷ್ಟನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಬ್ಯಾಫಲ್‌ನಲ್ಲೂ ಒಂದು ತೊಂದರೆ ಇದೆ: ಪ್ಲೇನರಿನ ಉದ್ದ ಸುರುಳಿಗಳು ಕೆಲವೊಮ್ಮೆ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತವೆ. ಪ್ಲೇನರ್ ಕೆಲಸದ ನಂತರ ಕೆಳಚೀಲ ಬಿಚ್ಚಿ ಒಮ್ಮೆ ನೋಡುತ್ತೇನೆ.

ಫಿಲ್ಟರ್ ಕೊಡವುವುದು ಹೊರಗೆ, ಮಾಸ್ಕ್ ಹಾಕಿಕೊಂಡೇ. ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಬಿಟ್ಟರೆ ಮಡಿಕೆ ತೂತಾಗುತ್ತದೆ.

ಉಳಿದದ್ದು

ಮರ ಉಜ್ಜಿ ನಯ ಮಾಡುವ ಸ್ಯಾಂಡರಿಗೆ ಈ ಕಲೆಕ್ಟರ್ ಹೊಂದುವುದಿಲ್ಲ. ಅಷ್ಟು ಕಿರಿದಾದ ಹೋಸಿನಲ್ಲಿ ಗಾಳಿ ಎಳೆಯಲು ವ್ಯಾಕ್ಯೂಮಿನಂಥ ಜೋರು ಒತ್ತಡ ಬೇಕು. ಹೆಪಾ (ಅತಿ ಸೂಕ್ಷ್ಮ ದೂಳನ್ನೂ ಹಿಡಿಯುವ) ಫಿಲ್ಟರಿನ ವ್ಯಾಕ್ಯೂಮನ್ನು ಸ್ಯಾಂಡರಿಗೆ ಮಾತ್ರ ಮೀಸಲಿಟ್ಟೆ. ಉಜ್ಜುಕಾಗದದ ತೂತು ಸ್ಯಾಂಡರಿನ ತೂತಿಗೆ ಸರಿಯಾಗಿ ಕೂಡಬೇಕು. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಅರ್ಧ ಫಲ ಇಲ್ಲೇ ಇದೆ.

ತಪ್ಪಿಸಿಕೊಂಡ ದೂಳಿಗೆ ಕೋಣೆಯ ಗಾಳಿ ಸೋಸುವ ಕೋರ್ಸಿ-ರೋಸೆಂತಾಲ್ ಪೆಟ್ಟಿಗೆ. 2020ರಲ್ಲಿ ಸೋಂಕಿನ ಕಾಲಕ್ಕೆಂದು ಹುಟ್ಟಿದ ಇದರಲ್ಲಿ ನಾಲ್ಕು ಮರ್ವ್ 13 ದರ್ಜೆಯ (ಸೂಕ್ಷ್ಮ ಕಣ ಹಿಡಿಯುವ) ಫಿಲ್ಟರುಗಳನ್ನು ಚೌಕವಾಗಿ ನಿಲ್ಲಿಸಿ ಮೇಲೆ ಒಂದು ಚೌಕದ ಫ್ಯಾನ್ ಇಟ್ಟು ಟೇಪ್ ಸುತ್ತುತ್ತಾರೆ. ಕೆಲಸ ಮುಗಿದ ಮೇಲೂ ಒಂದು ಗಂಟೆ ಓಡಿಸುತ್ತೇನೆ. ಆದರೆ ಇದಕ್ಕೆ ಸಿಗುವುದು ನನ್ನ ಮೂಗನ್ನು ದಾಟಿ ಬಂದ ದೂಳು. ಮೊದಲು ಇದನ್ನೇ ಮಾಡಿ ಪೈಪನ್ನು ಆಮೇಲೆ ನೋಡೋಣ ಎಂದುಕೊಳ್ಳಬೇಡಿ.

ಪಿವಿಸಿ ಪೈಪಿನಲ್ಲಿ ಸ್ಥಿರ ವಿದ್ಯುತ್ ಕೂಡುತ್ತದೆ, ಒಣ ದಿನಗಳಲ್ಲಿ ಮುಟ್ಟಿದರೆ ಚುರ್ ಎನ್ನುತ್ತದೆ. ಅದಕ್ಕೆ ಪೈಪಿನುದ್ದಕ್ಕೂ ಬರಿ ತಾಮ್ರದ ತಂತಿ ಸುತ್ತಿ ಅರ್ತ್ ಮಾಡಿದೆ. ನನ್ನ ಹೆದರಿಕೆ ಅದಕ್ಕಿಂತ ಕಿಡಿಯದು. ಹಳೆಯ ಮರದಲ್ಲಿ ಉಳಿದ ಮೊಳೆಯ ತುಂಡು ಉಕ್ಕಿನ ಫ್ಯಾನಿಗೆ ಬಡಿದು ಬಿಸಿಯಾಗಿ ಹೊಟ್ಟಿನ ಚೀಲಕ್ಕೆ ಬಿದ್ದರೆ, ಒಳಗೊಳಗೇ ಗಂಟೆಗಟ್ಟಲೆ ಬೇಯಬಹುದು. ಲೋಹ ಉಜ್ಜುವ ಗ್ರೈಂಡರನ್ನು ಈ ಪೈಪಿಗೆ ಎಂದೂ ಜೋಡಿಸುವುದಿಲ್ಲ. ಹಳೆಯ ಮರ ಕತ್ತರಿಸಿದ ದಿನ ಚೀಲವನ್ನು ಹೊರಗೆ ಒಯ್ದಿಡುತ್ತೇನೆ.

ತಿಂಗಳ ಕೊನೆಗೆ ಯು ಕೊಳವೆಗಳು ಬಾಯಿಯ ಕಡೆ 4, ಫಿಲ್ಟರಿನ ಕಡೆ ಅರ್ಧ ಇಂಚು ತೋರಿಸಿದವು. 8.5 ಇದ್ದದ್ದು 4.5. ಮೋಟಾರ್ ಅದೇ ಹಳೆಯದು. ಮತ್ತೆ ಎಂಡಿಎಫ್ ತಂದು ಅಷ್ಟೇ ಕತ್ತರಿಸಿದೆ, ಪೆಟ್ಟಿಗೆ ಫ್ಯಾನನ್ನು ಬೇಕಂತಲೇ ಆರಿಸಿಟ್ಟು. ಮುಕ್ಕಾಲು ಗಂಟೆ ಕಾದು ಟಾರ್ಚ್ ಬಿಟ್ಟೆ. ಬೆಳಕು ಸೀದಾ ಎದುರು ಗೋಡೆಗೆ ಹೋಗಿ ದುಂಡಗೆ ಬಿತ್ತು. ನಡುವೆ ಅಲ್ಲೊಂದು ಇಲ್ಲೊಂದು ಕಣ, ಎಣಿಸುವಷ್ಟು. ಆದರೂ ಕತ್ತರಿಸುವಾಗ ಮಾಸ್ಕ್ ಬಿಟ್ಟಿಲ್ಲ.

ರೌಟರ್ (ತಿರುಗುವ ಬಿಟ್‌ನಿಂದ ಮರದ ಅಂಚು, ಗಾಡಿ ಕೊರೆಯುವ ಯಂತ್ರ) ಮೇಜು ಇನ್ನೂ ಬಾಕಿ ಇದೆ. ಅಲ್ಲಿ ಚಕ್ಕೆ ಬಿಟ್‌ನ ಮುಂದಕ್ಕೂ ಹಾರುತ್ತದೆ, ಮೇಜಿನ ಕೆಳಕ್ಕೂ ಬೀಳುತ್ತದೆ. ಮರವನ್ನು ಆನಿಸುವ ಬೇಲಿಯ ಹಿಂದೆ ಒಂದು ಬಾಯಿ, ಕೆಳಗಿನ ಪೆಟ್ಟಿಗೆಗೆ ಒಂದು ಬಾಯಿ ಕೊಡಬೇಕು. ಪೆಟ್ಟಿಗೆಗೆ ಗಾಳಿಯ ಸೀಳನ್ನು ಈ ಸಲ ಮೊದಲೇ ಕೊಯ್ದಿಟ್ಟಿದ್ದೇನೆ. ಫಿಲ್ಟರಿನ ಕಡೆಯ ಯು ಕೊಳವೆಗೆ ಒಂದು ಇಂಚಿನ ಗುರುತಿನಲ್ಲಿ ಕೆಂಪು ಟೇಪ್ ಸುತ್ತಿದ್ದೇನೆ. ನೀರಿನ ಅಂತರ ಅಲ್ಲಿಗೆ ಮುಟ್ಟಿದ ದಿನ ಫಿಲ್ಟರ್ ಹೊರಗೆ ಹೋಗುತ್ತದೆ.